ಬೇಲಿ ದಾಟಿದ ವಿಮಾನ

ಅಕ್ಸ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕರೊಬ್ಬರಿಗೆ ಒಂದೇ ಆಸೆ: ತಮ್ಮ ಅಜ್ಜ ನಿಜವಾಗಿಯೂ ಹಾರಿದರೆಂದು ನಾಲ್ಕು ಜನರ ಮುಂದೆ ಹೇಳಬೇಕು. ವಿಮಾನವನ್ನು ಜನ ಬಾಯಿಬಿಟ್ಟು ನೋಡುತ್ತಿದ್ದ ಕಾಲದಲ್ಲಿ, ಸೈಕಲ್ ರಿಪೇರಿ ಮಾಡುತ್ತಿದ್ದ ಆ ಅಜ್ಜ ಬಿದಿರು, ಬಟ್ಟೆ, ಮೋಟಾರ್‌ಸೈಕಲ್ ಎಂಜಿನ್ ಸೇರಿಸಿ ತಾವೇ ಒಂದನ್ನು ಕಟ್ಟಿದರಂತೆ. ದನ ಮೇಯುವ ಬಯಲಿನಿಂದ ಎದ್ದು, ಬೇಲಿ ದಾಟಿ, ಆಚೆಯ ಕೆಸರಿಗೆ ಬಿದ್ದರಂತೆ. ಅದು ಹಾರಿದ್ದಲ್ಲ, ಕುಪ್ಪಳಿಸಿದ್ದು ಎಂದು ಊರು ನಕ್ಕಿತು. ಇಲ್ಲಿನ ಇತಿಹಾಸಪ್ರಿಯರು ಮೊಮ್ಮಗನ ಎದುರಿಗೂ ಇನ್ನೂ ನಗುತ್ತಾರೆ.

ಇದು ಕಿವಿಗೆ ಬಿದ್ದದ್ದೇ ತಡ, ನಮ್ಮ ಕನ್ನಡ ಬಳಗದ ಅಧ್ಯಕ್ಷರು ರಾಜ್ಯೋತ್ಸವಕ್ಕೆ ಅವರನ್ನೇ ಮುಖ್ಯ ಅತಿಥಿ ಮಾಡಿಬಿಟ್ಟರು. "ಲೋಕಲ್ ಹಿಸ್ಟರಿ ಇದ್ರೆ ಪ್ರೋಗ್ರಾಮ್‌ಗೆ ಒಂದು ವೆಯ್ಟ್ ಇರತ್ತೆ ಕಣ್ರೀ" ಎಂದರು. ಮುದುಕರು ಅಜ್ಜನ ಫೋಟೋವನ್ನು ದೊಡ್ಡದು ಮಾಡಿಸಿಕೊಂಡು, ಟೈ ಕಟ್ಟಿಕೊಂಡು ಬಂದರು. ದಾರಿಯಲ್ಲಿ ನಾನು ಅವರಿಗೆ 'ವಿಮಾನ' ಎಂಬ ಒಂದೇ ಒಂದು ಕನ್ನಡ ಪದ ಕಲಿಸಿದೆ.

ಆಮೇಲೆ ಅಧ್ಯಕ್ಷರಿಗೆ ತಮ್ಮದೇ ನಿಯಮ ನೆನಪಾಯಿತು: ಅಂದು ವೇದಿಕೆಯ ಮೇಲೆ ಇಂಗ್ಲಿಷ್ ಕೂಡದು. ಅತಿಥಿಯ ಭಾಷಣವನ್ನು ಕೊನೆಗೆ ತಳ್ಳಿ, ಮೈಕ್ ತಾವು ಹಿಡಿದರು. "ವಿಮಾನ ಇವರದಲ್ಲ, ನಮ್ದು! ಸಾವಿರಾರು ವರ್ಷದ ಹಿಂದೆ ನಮ್ಮೋರು ವಿಮಾನದಲ್ಲಿ ಓಡಾಡ್ತಿದ್ರು!" ಊರಿಗೆ ಹೋಗುವಾಗ ವಿಮಾನ ಕೊಂಚ ಅಲುಗಿದರೂ ಕಣ್ಣು ಮುಚ್ಚಿ ದೇವರ ಹೆಸರು ಹೇಳುವ ಮನುಷ್ಯ ಇವರು. ಸಭೆ ಚಪ್ಪಾಳೆ ತಟ್ಟಿತು. 'ವಿಮಾನ' ಬಂದಾಗಲೆಲ್ಲ ಮುದುಕರು ತಲೆದೂಗಿದರು.

ನಂತರ ಸನ್ಮಾನ. ಸನ್ಮಾನವಿಲ್ಲದೆ ನಮ್ಮವರಿಗೆ ಉಂಡ ಅನ್ನ ಅರಗುವುದಿಲ್ಲ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪದಾಧಿಕಾರಿಗಳೆಲ್ಲ ಒಬ್ಬೊಬ್ಬರಾಗಿ ಪಕ್ಕದಲ್ಲಿ ನಿಂತು ಫೋಟೋ. ಮುದುಕರು ಮಾತಾಡಲು ಎದ್ದು ಅಜ್ಜನ ಫೋಟೋ ಹೊರತೆಗೆಯುವ ಹೊತ್ತಿಗೆ ಹಾಲ್ ನೋಡಿಕೊಳ್ಳುವವನು ಬಂದು ಗಡಿಯಾರ ತೋರಿಸಿದ. ಮುಂದಿನ ಡ್ಯಾನ್ಸ್ ಕ್ಲಾಸಿನವರು ಬಾಗಿಲಲ್ಲೇ ನಿಂತಿದ್ದರು. ವಂದನಾರ್ಪಣೆಗೆ ಮಾತ್ರ ಅದು ಹೇಗೋ ಸಮಯ ಸಿಕ್ಕಿತು.

"ಪಾಪ, ವಯಸ್ಸಾದವರನ್ನ ಕರೆದು ಹೀಗೆ ಮಂಗ ಮಾಡೋದೇನ್ರೀ?" ಎಂದಳು ನನ್ನ ಹೆಂಡತಿ. ನನಗೂ ಮೈ ಉರಿಯುತ್ತಿತ್ತು.

ಕಾರ್ ಪಾರ್ಕಿನಲ್ಲಿ ಮುದುಕರು ನನ್ನ ತೋಳು ಹಿಡಿದರು. ಪೇಟ ಕಿವಿಯ ಮೇಲೆ ಜಾರಿತ್ತು.

"ನಿಮ್ಮ ಅಧ್ಯಕ್ಷರು ಅಷ್ಟು ಹೊತ್ತು ವಿಮಾನದ ಬಗ್ಗೆ ಮಾತಾಡಿದರಲ್ಲ, ಅಜ್ಜ ಹಾರಿದರು ಅಂತ ಹೇಳಿದರಾ?"

ನಮ್ಮ ಪೂರ್ವಜರನ್ನೆಲ್ಲ ಪುಕ್ಕಟೆಯಾಗಿ ಆಕಾಶಕ್ಕೆ ಹತ್ತಿಸಿ ಬಂದ ಮೇಲೆ, ಬೇಲಿ ದಾಟಿದ ಒಬ್ಬ ಸೈಕಲ್ ರಿಪೇರಿಯವರ ವಿಷಯದಲ್ಲಿ ನಾನೇಕೆ ಜಿಪುಣನಾಗಲಿ?

"ಹೇಳಿದರು" ಎಂದೆ.

"ಯಾರೂ ನಗಲಿಲ್ಲವಾ?"

"ಚಪ್ಪಾಳೆ ಕೇಳಿಸಲಿಲ್ಲವೇ ನಿಮಗೆ?"

"ಕೇಳಿಸಿತು, ಕೇಳಿಸಿತು" ಎನ್ನುತ್ತ ಮುದುಕರು ಫೋಟೋ ಎದೆಗೊತ್ತಿಕೊಂಡು ಅತ್ತರು.