ರೋಜಾದ ಕಿಟಕಿ ಮುಂದ ಕಾರಿನ ಚಾವಿ

ತಿಕೋಟಾದಿಂದ ಬಾಡಿಗಿ ಬಂದಾಗೆಲ್ಲ ಮಂದಿನ್ನ ವಿಜಯಪುರದ ಸುಲ್ತಾನನ ಗೋರಿ, ಇಬ್ರಾಹಿಂ ರೋಜಾದ ಗೇಟಿಗೆ ಇಳಿಸಿ, ನಾನು ಕಾರಿನ್ಯಾಗ ನಿದ್ದಿ ಮಾಡಾಂವ. ಒಳಗ ಹೋದಾಂವಲ್ಲ. ಆವತ್ತು ಮೈಸೂರು ಕಡೆ ಮೇಡಂ ಒಬ್ಬರು ಬಂದಿದ್ರು, ಚಿತ್ರ ಬರಿಯೋರು. ಚೀಲ ಭಾರ ಅಂದ್ರು, ಹೊತ್ಕೊಂಡು ಹೋದೆ.

ಕಲ್ಲಿನ್ಯಾಗ ಅಕ್ಷರ ಕೊರೆದ ಕಿಟಕಿ ಮುಂದ ನಿಂತ ಮೇಡಂ ಒಮ್ಮೆಲೇ ನಡುಗಾಕತ್ತಿದ್ರು. ಕಣ್ಣಾಗ ಧಾರಾಕಾರ ನೀರು. ಮೊಣಕಾಲು ಕುಸಿದು ಕೂತಬಿಟ್ರು. ನಮ್ಮ ಕಡೆ ಫಿಟ್ಸ್ ಬಂದವರ ಕೈಯಾಗ ಮೊದಲು ಕಬ್ಬಿಣ ಕೊಡತಾರ. ನಾನು ಕಾರಿನ ಚಾವಿ ಅವರ ಮುಷ್ಟ್ಯಾಗ ಇಟ್ಟು ಒತ್ತಿ ಹಿಡಿದೆ.

ಸ್ವಲ್ಪ ಸುಧಾರಿಸಿಕೊಂಡು ಅಂದ್ರು: "ಫಿಟ್ಸ್ ಅಲ್ಲಣ್ಣ. ಇಷ್ಟು ಚೆಂದ ಇರೋದನ್ನ ತಡ್ಕೊಳ್ಳೋಕೆ ಆಗಲಿಲ್ಲ. ನಿಮಗೇನೂ ಅನ್ನಿಸ್ಲಿಲ್ವಾ?"

"ಇಲ್ರಿ."

ಜಡ್ಡು ನನಗ ಬಂದಂಗ ನನ್ನ ನೋಡಿದ್ರು. ಚಾವಿ ತಿರುಗಿ ನನ್ನ ಕೈಯಾಗ ಇಟ್ರು.

ಆ ನೋಟ ಮನಸ್ಸಿನ್ಯಾಗ ಕೊರೀತಾನ ಇತ್ತು. ಬಾಡಿಗಿ ಇಲ್ಲದ ದಿನ ಒಬ್ಬನ ಹೋಗಿ ಅದೇ ಕಿಟಕಿ ಮುಂದ ನಿಂತೆ. ಯಾತಕ್ಕೂ ಇರಲಿ ಅಂತ ಚಾವಿ ಮುಷ್ಟ್ಯಾಗ ಬಿಗಿಯಾಗಿ ಹಿಡಿದಿದ್ದೆ. ಬಾಳ ಹೊತ್ತು ಕಾದೆ. ಕೈಕಾಲು ನಡುಗಲಿಲ್ಲ, ಎದಿ ಬಡಕೊಳ್ಳಲಿಲ್ಲ.

ಕಡೀಕ ದೊಡ್ಡದೊಂದು ಆಕಳಿಕಿ ಬಂತು. ಕಣ್ಣು ಒದ್ದಿಯಾದದ್ದು ಅದಕ್ಕಷ್ಟ.