ಟೊಮೇಟೊ ಗಾಡಿಯಲ್ಲಿ ಅಕ್ಕನ ಜಾಗ

ಲಾಕ್‌ಡೌನ್ ದಿನಗಳು ಅವು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ವೇಮಗಲ್‌ನಲ್ಲಿ ನಮ್ಮದು ಒಂದೇ ರೂಮಿನ ಬಾಡಿಗೆ ಮನೆ. ಅಪ್ಪನ ಫ್ಯಾಕ್ಟರಿ ಮುಚ್ಚಿತ್ತು. ನನಗೆ ಹದಿಮೂರು, ಅಕ್ಕ ರೂಪಾಗೆ ಹದಿನಾರು. ಆಗ ಮುಚ್ಚಿದ ಸ್ಕೂಲಿಗೆ ನಾನು ಮತ್ತೆ ಹೋಗಲೇ ಇಲ್ಲ.

ಒಂದು ಬೆಳಗ್ಗೆ ಸುದ್ದಿ ಬಂತು: ಮಧ್ಯಾಹ್ನಕ್ಕೆ ನಮ್ಮ ಬೀದಿ ಸೀಲ್ ಮಾಡುತ್ತಾರೆ. ಯಲ್ದೂರಿನಲ್ಲಿ ನಮ್ಮಮ್ಮ ಗೌರಮ್ಮನ ತಾಯಿಗೆ ಹುಷಾರಿರಲಿಲ್ಲ. ಅಜ್ಜಿಯ ಮನೆ ತುಂಬ ರೇಷ್ಮೆ ಹುಳ, ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಕೂಲಿಯವರು ಬರುತ್ತಿರಲಿಲ್ಲ, ಅಮ್ಮ ಹೋಗಲೇಬೇಕಿತ್ತು. ಅಕ್ಕ ಹತ್ತು ವರ್ಷದವರೆಗೆ ಅಜ್ಜಿಯ ಹತ್ತಿರವೇ ಬೆಳೆದವಳು, ಆ ಕೆಲಸವೆಲ್ಲ ಬಲ್ಲವಳು.

ಟೊಮೇಟೊ ಗಾಡಿ ಓಡಿಸುವ ಪಕ್ಕದ ಮನೆ ಬಾಷಾ ಮಾಮನ ಹತ್ತಿರ ಪಾಸಿತ್ತು. ಅಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದರು. ಪೊಲೀಸರ ಕಾಟವಿರುವ ಕೋಲಾರ ಬೇಡ, ಸುಗಟೂರಿನ ಮೇಲೆ.

"ಗೌರಮ್ಮ ಮುಂದೆ ಕೂತ್ಕೊಳ್ಲಿ, ಲೋಡಿಂಗ್ ಕೂಲಿ ಅಂತೀನಿ. ಹಿಂದೆ ಕ್ರೇಟ್ ಮಧ್ಯೆ ಒಬ್ರೇ," ಅಂದ ಬಾಷಾ ಮಾಮ.

"ರೂಪಾ ಹೋಗ್ಲಿ. ಅಜ್ಜಿ ಅವಳನ್ನೇ ಕೇಳ್ತಾವ್ರೆ," ಅಂದರು ಅಪ್ಪ.

ಅಕ್ಕ ಆಗಲೇ ಬಟ್ಟೆ ಗಂಟು ಕಟ್ಟಿದ್ದಳು. "ನೀನ್ ಹೋಗಿ ಏನ್ ಕಿಸೀತೀಯೆ? ಹುಳ ಕಂಡ್ರೆ ಕಿರುಚ್ತೀಯ," ಅಂತ ನನ್ನನ್ನು ರೇಗಿಸಿದಳು. ನಿಜವೇ. ಆದರೆ ನನ್ನ ಮನಸ್ಸೆಲ್ಲ ಅಜ್ಜಿಯ ಹಿತ್ತಲಲ್ಲಿತ್ತು. ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಜಗಲಿಯ ಮೇಲೆ ಚೌಕಾಬಾರ.

ಅಮ್ಮ ದಾರಿಗೆ ಚಟ್ನಿಪುಡಿ ಮಾಡಲು ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ಅಕ್ಕ ಕೆಮ್ಮಿದಳು. ನನಗೂ ಕೆಮ್ಮು ಬರದಿರಲೆಂದು ನಾನು ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಬಾಷಾ ಮಾಮ ಬಾಗಿಲಿಗೆ ಬಂದ.

"ಮಾಮ, ಅಕ್ಕ ನಿನ್ನೆಯಿಂದ ಕೆಮ್ತಾವ್ಳೆ," ಅಂದುಬಿಟ್ಟೆ.

ಆತ ಎರಡು ಹೆಜ್ಜೆ ಹಿಂದೆ ಸರಿದ. "ಬೇಡಮ್ಮ. ಚೆಕ್‌ಪೋಸ್ಟಲ್ಲಿ ಕೆಮ್ಮಿದ್ರೆ ಎಲ್ರೂ ಒಳಗೆ. ಚಿಕ್ಕವಳನ್ನ ಕಳ್ಸಿ."

"ಸುಳ್ಳು ಮಾಮ! ಮೆಣಸಿನಕಾಯಿ ಘಾಟು ಅದು!" ಅಂತ ಅಕ್ಕ ಕೂಗಿದಳು.

ಆತ ಒಪ್ಪಲಿಲ್ಲ. ವಾದ ಮಾಡಲು ಹೊತ್ತೂ ಇರಲಿಲ್ಲ. ಕ್ರೇಟ್ ಮಧ್ಯೆ ಕೂತ ನನ್ನ ಮೇಲೆ ಟಾರ್ಪಲ್ ಎಳೆಯುವಾಗ ಅಕ್ಕ ಅಳುತ್ತಲೇ ಹೇಳಿಕೊಟ್ಟಳು: "ಹಣ್ಣಾದ ಹುಳ ಮೈ ಹಳದಿಯಾಗಿ ತಲೆ ಎತ್ತುತ್ತೆ ಕಣೇ. ಮೆತ್ತಗೆ ಎತ್ತು. ಅಜ್ಜೀನ ನೋಡ್ಕೋ."

ಅಜ್ಜಿ ಮನೆಯಲ್ಲಿ ಮಾವಿನಕಾಯಿ ತಿಂದೆ. ಹುಳ ಮುಟ್ಟುವುದನ್ನೂ ಕಲಿತೆ. ಆರನೇ ದಿನ ಮಧ್ಯಾಹ್ನ, ಕಣ್ಣು ಮಂಜಾಗಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ರೂಪಾ, ಬಂದ್ಯಾ ನನ್ ತಾಯಿ?"

ಅಮ್ಮ ಇನ್ನೂ ಹಣ್ಣಾಗದ ಹುಳಕ್ಕೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. "ಬಂದೆ ಅಜ್ಜಿ," ಅಂದೆ. ಅಜ್ಜಿಯ ಮುಖ ಅರಳಿತು. ಮಾರನೇ ದಿನ ಅಜ್ಜಿ ಹೋದಳು. ಸೀಲ್ ಆದ ಬೀದಿಯಿಂದ ಅಕ್ಕ ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು.

ನಿಮ್ಮಲ್ಲೂ ಎಷ್ಟೋ ಜನ ಆಗ ಹೀಗೇ ಊರು ಸೇರಿರಬಹುದು. ಆ ಹುಳದ ಮನೆ ಈಗಿಲ್ಲ, ಹಿಪ್ಪುನೇರಳೆ ತೋಟವೂ ಇಲ್ಲ. ಅಕ್ಕ ಮದುವೆಯಾಗಿ ಮಾಲೂರಿನಲ್ಲಿದ್ದಾಳೆ. ಹೋದಾಗಲೆಲ್ಲ ಊಟಕ್ಕೆ ಬಡಿಸುತ್ತಾ ಕೇಳುತ್ತಾಳೆ:

"ಅಜ್ಜಿ ಕೊನೇಲಿ ನನ್ನ ಕೇಳಿದ್ಳೇನೇ?"

"ನಿನ್ನನ್ನೇ ಕರೆದ್ಳು ಕಣಕ್ಕ," ಅನ್ನುತ್ತೇನೆ. ಓಗೊಟ್ಟವಳು ನಾನು ಅಂತ ಇವತ್ತಿಗೂ ಹೇಳಿಲ್ಲ.