ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ

ನಾನು ಲಂಗ ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಆ ದಿನಗಳಲ್ಲಿ ಮಹದೇವಪುರದ ಕಡೆ ಎತ್ತ ನೋಡಿದರೂ ಹೊಲ, ಕೆರೆ. ನಮ್ಮದು ಬಟ್ಟೆ ಒಗೆಯುವ ಮನೆತನ. ಬೆಂಗಳೂರು ದಂಡಿನ ದೊರೆಗಳ ಬಂಗಲೆಗಳಿಂದ ಕತ್ತೆಯ ಮೇಲೆ ಬಟ್ಟೆಗಂಟು ಬರುತ್ತಿತ್ತು. ಚೌಳುಮಣ್ಣು ಹಾಕಿ ಬಟ್ಟೆ ಬೇಯಿಸುವಾಗ ಏಳುತ್ತಿದ್ದ ಹಬೆಯ ವಾಸನೆ ನೆನಪಾದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಆ ಬೇಸಿಗೆಯಲ್ಲಿ ನನಗಿದ್ದದ್ದು ಒಂದೇ ಹಂಬಲ: ನನ್ನದೇ ಅಂತ ಒಂದು ಒಗೆಯುವ ಕಲ್ಲು. ಅದು ಸುಮ್ಮನೆ ಸಿಗುತ್ತಿರಲಿಲ್ಲ. ಬಟ್ಟೆ ಬಡಿಯುವಾಗ ಎಲ್ಲರ ಏಟೂ ಒಂದೇ ತಾಳಕ್ಕೆ ಬಿದ್ದರೆ ಕೈ ಸೋಲುವುದಿಲ್ಲ ಎನ್ನುವುದು ನಮ್ಮವರ ನಂಬಿಕೆ. ತಾಳ ಹಿಡಿದವಳಿಗೆ ಕಲ್ಲು, ಹಿಡಿಯದವಳಿಗೆ ಕತ್ತೆ ಕಾಯುವ ಕೆಲಸ. ಬಿಳಿ ಬಟ್ಟೆಗೆ ತಿಳಿನೀರು ಬೇಕೆಂದು ಅವ್ವ ಕೆರೆಯ ಆಚೆ ದಡದಲ್ಲಿ ಒಗೆಯುತ್ತಿದ್ದಳು. ಈಚೆ ದಡದಲ್ಲಿ ನಾನು, ಪಕ್ಕದಲ್ಲಿ ಅಜ್ಜಿ.

"ನಿಮ್ಮವ್ವನ ಏಟಿಗೆ ಏಟು ಸೇರ್ಸು, ನೋಡಾಣ," ಎಂದಳು ಅಜ್ಜಿ.

ಅವ್ವನ ಕೈಯನ್ನೇ ನೋಡುತ್ತಾ, ಅವಳ ಬಟ್ಟೆ ಕಲ್ಲಿಗೆ ಬಿದ್ದ ಕ್ಷಣಕ್ಕೇ ನನ್ನದನ್ನೂ ಬಡಿದೆ. ಅಜ್ಜಿಯದು ಮಂಜುಗಣ್ಣು. ಆಚೆ ದಡ ಅವಳಿಗೆ ಕಾಣದು, ಸದ್ದಷ್ಟೇ ಗೊತ್ತು.

"ಥೂ, ಮೂದೇವಿ! ನೀನು ಬಡ್ದಾದ್ಮೇಲೆ ಅವಳ್ದು ಕೇಳ್ತೈತೆ. ಏನೇ ಅಷ್ಟು ಅವಸರ?"

"ಇಲ್ಲಜ್ಜೀ, ನೋಡ್ಕೊಂಡೇ ಬಡ್ದೆ!"

"ಹಂಗಾದ್ರೆ ನಿನ್ ಕಿವಿ ಕೆಟ್ಟೈತೆ. ನಾಳೆಯಿಂದ ಕತ್ತೆ ಕಾಯೋಗು."

ಮತ್ತೆ ನೋಡಿದೆ. ಹೌದು, ಅವ್ವನ ಕೈ ಮೇಲೆದ್ದ ಮೇಲೆ 'ಠಪ್' ಎಂದು ಕೇಳುತ್ತಿತ್ತು! ಕಿವಿ ನಿಜವಾಗಿಯೂ ಹೋಯಿತೆಂದು ಕಿರುಬೆರಳು ತುರುಕಿ ತಿರುವಿದೆ, ನೀರು ಹೊಕ್ಕಿದೆಯೇನೋ ಎಂದು ತಲೆ ವಾರೆ ಮಾಡಿ ಒಂಟಿಗಾಲಲ್ಲಿ ಕುಪ್ಪಳಿಸಿದೆ. ಏನೂ ಬದಲಾಗಲಿಲ್ಲ.

ಮಧ್ಯಾಹ್ನ ಅವ್ವನಿಗೆ ಮುದ್ದೆ, ಹುರುಳಿಸಾರು ಹೊತ್ತು ಏರಿಯ ಮೇಲೆ ಹೊರಟೆ. ಕಣ್ಣು ಅವಳ ಕೈ ಮೇಲೆಯೇ. ಹತ್ತಿರ ಹೋದಷ್ಟೂ ಸದ್ದು ಏಟಿಗೆ ಹತ್ತಿರವಾಯಿತು. ಅವಳ ಪಕ್ಕ ನಿಂತಾಗ ಎರಡೂ ಒಂದೇ!

"ಅವ್ವಾ, ಅಲ್ಲಿಗೆ ನಿನ್ ಸದ್ದು ತಡವಾಗಿ ಬರ್ತೈತೆ!"

ಅವ್ವ ನಕ್ಕಳು. "ಬರ್ಬೇಕಲ್ವೇನೇ? ಕಾಣೋದು ಹಾರ್ಕೊಂಡು ಬರ್ತೈತೆ, ಸದ್ದು ನಡ್ಕೊಂಡು ಬರ್ತೈತೆ. ನಿಮ್ಮಜ್ಜಿಗೆ ಕಿವಿನೇ ಕಣ್ಣು. ನೀನೂ ಕಣ್ಮುಚ್ಕೊಂಡು ಬಡಿ, ಹೋಗು."

ಓಡಿದೆ. ಕಣ್ಣು ಮುಚ್ಚಿ, ಕಿವಿಗೆ ಬಂದ ತಾಳ ಹಿಡಿದು ಬಡಿದೆ. ಅಜ್ಜಿ ಬಾಯೊಳಗಿನ ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿ ಆಲಿಸಿದಳು. "ಹ್ಞೂಂ. ಆ ಮೂಲೆ ಕಲ್ಲು ನಿಂದು."

ಸಂಜೆಯವರೆಗೆ ಆ ಕಲ್ಲು ಬಿಟ್ಟು ಕದಲಲಿಲ್ಲ ನಾನು.

ಈಗ ನಾನೇ ಅಜ್ಜಿ; ಮೂರನೇ ಕ್ಲಾಸು ದಾಟಿದವಳಲ್ಲ. ಆದರೂ ಮೊನ್ನೆ ಮಳೆಯಲ್ಲಿ ಆರು ವರ್ಷದ ಮೊಮ್ಮಗಳು ಅನು, "ಅಜ್ಜೀ, ಮಿಂಚು ಫಸ್ಟ್ ಬಂತು, ಗುಡುಗು ಯಾಕೆ ಲೇಟು?" ಎಂದಾಗ ನನಗೆ ರೆಕ್ಕೆಯೇ ಬಂತು! ಪಕ್ಕದ ಮನೆಯ ಮಕ್ಕಳನ್ನೂ ಕೂಗಿದೆ. ಒಬ್ಬನಿಗೆ 'ನೀನು ಸದ್ದು' ಎಂದು ಹೇಳಿ ಹಜಾರದಲ್ಲಿ ನಡೆಸಿದೆ.

"ಬೆಳಕು ಯಾರಜ್ಜಿ? ನಾನು ಓಡ್ಲಾ?" ಎಂದಳು ಅನು.

"ನಿನ್ ಕೈಲಿ ಆಗಲ್ಲ ಕಂದಾ. ನೀನು ರೆಪ್ಪೆ ಬಡಿಯೋದ್ರೊಳಗೆ ಅದು ಭೂಮಿ ಸುತ್ತಿ ಬಂದ್ಬಿಡತ್ತಂತೆ, ನಿಮ್ಮಪ್ಪ ಹೇಳ್ತಿದ್ದ. ಅದಕ್ಕೆ ತಡ ಅನ್ನೋದೇ ಇಲ್ಲ."

"ಇದೆ ಅಜ್ಜಿ! ಸೂರ್ಯನಿಂದ ಬರೋಕೆ ಎಂಟು ನಿಮಿಷ ಬೇಕಂತೆ. ಮಿಸ್ ಹೇಳಿದ್ರು."

ಅಯ್ಯೋ ಶಿವನೇ! ಬೆಳಕೂ ದಾರಿ ಸವೆಸಿಯೇ ಬರುತ್ತದೆಯೆ? ಈ ವಯಸ್ಸಿಗೆ ನನಗೆ ಪಾಠ ಹೇಳುವ ಮೊಮ್ಮಗಳು! ಎತ್ತಿಕೊಂಡು ಕುಣಿದೆ, ಸೊಂಟ ಹಿಡಿದುಕೊಂಡಿತು.

ಮಳೆ ಬಿಟ್ಟ ಮೇಲೆ ತಡೆಯಲಾಗದೆ, ಕಣ್ಣಾರೆ ತೋರಿಸುತ್ತೇನೆಂದು ಅವಳನ್ನು ಅದೇ ಕೆರೆಗೆ ಎಳೆದುಕೊಂಡು ಹೋದೆ. ಆಚೆ ದಡದಲ್ಲಿ ಒಬ್ಬ ಬೇಲಿಗೆ ಗೂಟ ಹೊಡೆಯುತ್ತಿದ್ದ. ಸುತ್ತಿಗೆ ಎದ್ದಿತು, ಬಿತ್ತು. ಹಿಂದಿನ ರಸ್ತೆಯಲ್ಲಿ ಹಾರನ್ನುಗಳ ಸಂತೆ. ಕಿವಿಗೆ ಕೈಯಿಟ್ಟು ಕಾದೆ. ಏನೂ ಬರಲಿಲ್ಲ.

"ಸದ್ದು ಎಲ್ಲಜ್ಜಿ?"

"ಬರತ್ತೆ, ತಡಿ."

ಅನು ಇನ್ನಷ್ಟು ಹೊತ್ತು ಕಾದಳು. "ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೆ ಬಿಡು ಅಜ್ಜಿ," ಎಂದಳು.

ಅವಳ ಜೊತೆ ನಾನೂ ನಕ್ಕೆ. ಒಂದು ಕಾಲಕ್ಕೆ, ನಡೆದು ಬರುವ ಸದ್ದಿಗೂ ದಾರಿ ಬಿಡುತ್ತಿದ್ದ ಊರು ಇದು.